ಬದುಕಿದ ಕೂಸಿನ ಕುಂಚಿಗೆ

ಏಳು ತಿಂಗಳಿಗೇ ಹುಟ್ಟಿದ ಕೂಸಿನ ಎದೆ ತಾಳ ತಪ್ಪುತ್ತದೆ. ತಪ್ಪುತ್ತಲೇ ಇರಬೇಕು. ಗಡಿಯಾರದ ಹಾಗೆ ಒಂದೇ ಸಮ ಬಡಿಯತೊಡಗಿತೋ, ಒಳಗೆಲ್ಲೋ ಕೇಡು ಹೊಕ್ಕಿದೆ ಎಂದೇ ತಿಳಿಯಬೇಕು.

ದ್ರಾಕ್ಷಾಯಣಿ ಇದನ್ನು ಕಲಿತದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ನರ್ಸಾಗಿ ಇಪ್ಪತ್ತೆಂಟು ವರ್ಷ ದುಡಿದ ಮೇಲೆ. ಅಲ್ಲಿಯವರೆಗೆ ಅವಳೂ ಎಲ್ಲರಂತೆ, ಒಳ್ಳೆಯ ಎದೆ ಎಂದರೆ ಸಮನಾಗಿ ಬಡಿಯುವ ಎದೆ ಎಂದುಕೊಂಡಿದ್ದಳು. ವಾರ್ಡಿಗೆ ಕುಂಚಿಗೆ ಬಂದ ಮೇಲೆ ಆ ನಂಬಿಕೆ ತಲೆಕೆಳಗಾಯಿತು.

ಕುಂಚಿಗೆ ಎಂದರೆ ಆ ಸೀಮೆಯ ಹೆಂಗಸರೆಲ್ಲ ಬಲ್ಲ ಕುಂಚಿಗೆಯೇ. ಕೂಸಿನ ತಲೆ ಮುಚ್ಚಿ ಬೆನ್ನ ಮೇಲೆ ಇಳಿಯುವ ಬಟ್ಟೆ, ತವರಿನವರು ಹೊಲಿದು ತರುವಂಥದು. ವಾರ್ಡಿನ ಕುಂಚಿಗೆ ಮಾತ್ರ ಎಲ್ಲೋ ದೂರದ ಪ್ರಯೋಗಾಲಯದಲ್ಲಿ ತಯಾರಾಗಿ ಬರುತ್ತಿತ್ತು. ಬೆನ್ನಿನ ಜೊತೆಗೆ ಎದೆಯನ್ನೂ ಸುತ್ತಿಕೊಳ್ಳುವಂತೆ ಕತ್ತರಿಸಿದ್ದರು. ಹತ್ತಿಯ ಎಳೆಗಳ ನಡುವೆ ಕೂದಲಿಗಿಂತ ತೆಳುವಾದ ಬೆಳ್ಳಿ ಬಣ್ಣದ ನೂಲು. ಅದು ಕೂಸಿನ ಎದೆಬಡಿತ, ಉಸಿರು, ಮೈಬಿಸಿ ಮೂರನ್ನೂ ಚುಚ್ಚದೆ ಅಂಟಿಸದೆ ಅರಿತುಕೊಂಡು, ಕೊರಳ ಬಳಿಯ ಹುಣಸೆಬೀಜದಷ್ಟು ದೊಡ್ಡ ಗುಂಡಿಗೆ ಮುಟ್ಟಿಸುತ್ತಿತ್ತು. ಗುಂಡಿ ಅದನ್ನು ಗೋಡೆಯ ಪರದೆಗೆ ಕಳಿಸುತ್ತಿತ್ತು. ಮೊದಲ ಮೂರು ದಿನ ಪರದೆಯ ತುಂಬ ಬರೀ ಮಂಜು. ಆಗ ಕುಂಚಿಗೆ ಕೂಸಿನ ನಡೆಯನ್ನು ಕಲಿಯುತ್ತಿರುತ್ತದೆ. ಆಮೇಲೆ ಮಂಜು ಸರಿದು, ಇವತ್ತಿನ ಗೆರೆಯ ಮುಂದೆ ಇನ್ನೊಂದು ತೆಳು ಗೆರೆ ಮೂಡುತ್ತದೆ. ಇನ್ನು ಇಪ್ಪತ್ತು ತಾಸಿನವರೆಗೆ ಈ ಎದೆ ಹೇಗೆ ನಡೆದೀತು ಎಂಬ ಗೆರೆ. ಡಾಕ್ಟರರ ಕಾಗದಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ವಾರ್ಡಿನವರು ನಾಳೆಯ ಗೆರೆ ಎನ್ನುತ್ತಿದ್ದರು.

ಮೊದಲ ಸಲ ಆ ಗೆರೆ ನಿಜವಾದ ದಿನವನ್ನು ದ್ರಾಕ್ಷಾಯಣಿ ಮರೆತಿಲ್ಲ. ಗುಲಾಬಿ ಬಣ್ಣದ ಗಂಡು ಕೂಸು, ಹಾಲು ಜೀರ್ಣವಾಗುತ್ತಿತ್ತು, ಉಸಿರು ಸಲೀಸು. ಆದರೆ ನಾಳೆಯ ಗೆರೆ ಸಂಜೆಯ ಹೊತ್ತಿಗೆ ಚಪ್ಪಟೆಯಾಗುತ್ತದೆ, ಅಂದರೆ ಎದೆ ಒಂದೇ ಸಮ ಬಡಿಯತೊಡಗುತ್ತದೆ ಎಂದು ತೋರಿಸಿತು. ವಾರ್ಡಿನ ಮುಖ್ಯಸ್ಥೆ ಡಾಕ್ಟರ್ ಮೆಹರ್ ನದಾಫ್ ಗೆರೆಯನ್ನೇ ನಂಬಿ ಔಷಧಿ ಶುರು ಮಾಡಿಸಿದರು. ಮರುದಿನ ರಕ್ತದ ವರದಿ ಬಂತು. ರಕ್ತದಲ್ಲಿ ನಂಜು ಇತ್ತು. ಕೂಸಿನ ಮೈಗೇ ಇನ್ನೂ ಗೊತ್ತಾಗಿರದ ಬೇನೆ ಬಟ್ಟೆಗೆ ಗೊತ್ತಾಗಿತ್ತು. ಆ ದಿನ ಮನೆಗೆ ಹೋಗುವಾಗ ದ್ರಾಕ್ಷಾಯಣಿ ಊರ ಹಿಂದಿನ ಗುಡ್ಡದ ಮೇಲೆ ನಿಧಾನ ತಿರುಗುತ್ತಿದ್ದ ಗಾಳಿಯಂತ್ರಗಳನ್ನು ನೋಡುತ್ತ ಬಸ್ಸನ್ನೇ ತಪ್ಪಿಸಿಕೊಂಡಿದ್ದಳು.

ಎರಡು ವರ್ಷದಲ್ಲಿ ಅವಳಿಗೆ ಕೂಸುಗಳ ಗೆರೆಗಳ ಪರಿಚಯವೂ ಆಗಿತ್ತು. ಒಂದರಂತೆ ಒಂದಿರುತ್ತಿರಲಿಲ್ಲ. ಮಾಬೂಬಿ ಎಂಬ ಬಾಣಂತಿಯ ಮಗನದು ಎಲ್ಲಕ್ಕಿಂತ ಚಂದ. ಒಂಬತ್ತು ಹತ್ತು ಹೆಜ್ಜೆಗೊಮ್ಮೆ ಸಣ್ಣದೊಂದು ಜಿಗಿತ, ಕುಂಟಾಬಿಲ್ಲೆ ಆಡುವ ಹುಡುಗಿ ಒಂದು ಮನೆಯಿಂದ ಇನ್ನೊಂದಕ್ಕೆ ಹಾರಿದ ಹಾಗೆ. ಐವತ್ತೆರಡು ದಿನ ವಾರ್ಡಿನಲ್ಲಿದ್ದು, ಎರಡು ಕಿಲೋ ತೂಗಿ, ಎಲ್ಲರಿಂದ ಪೈಲ್ವಾನ ಎನಿಸಿಕೊಂಡು ಅವನು ಮನೆಗೆ ಹೋಗಿ ವಾರವಾಗಿತ್ತು. ಅವನ ತೊಟ್ಟಿಲಿಗೇ ಕಸ್ತೂರಿಯ ಕೂಸು ಬಂತು.

ಹೆಣ್ಣು. ತೂಕ ಒಂದು ಕಿಲೋ ನೂರು ಗ್ರಾಮು. ಗುಡ್ಡದಾಚೆಯ ಹಳ್ಳಿಯ ಕಸ್ತೂರಿಗೆ ಇಪ್ಪತ್ತಾರು ವರ್ಷ. ಇದು ಮೂರನೆಯ ಬಾಣಂತನ. ಮೊದಲ ಎರಡೂ ಕೂಸುಗಳು ವಾರ ತುಂಬುವ ಮುಂಚೆ ಹೋಗಿದ್ದವು. ಅವಳು ತೊಟ್ಟಿಲ ಪಕ್ಕದ ಸ್ಟೂಲಿನ ಮೇಲೆ, ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡು ಕೂತಿರುತ್ತಿದ್ದಳು. ಎದೆಗೊತ್ತಿಕೊಂಡು ಕೂಡು, ನಿನ್ನ ಮೈಬಿಸಿ ಔಷಧಿ ಇದ್ದ ಹಾಗೆ ಎಂದು ದ್ರಾಕ್ಷಾಯಣಿ ಎಷ್ಟು ಹೇಳಿದರೂ ಒಂದೇ ಉತ್ತರ: “ಆಮ್ಯಾಲ ಮುಟ್ತೀನ್ರಿ ಅಕ್ಕಾರ.”

ಕಸ್ತೂರಿಯ ತಾಯಿ ಫಕೀರವ್ವ ಅಷ್ಟು ಸುಮ್ಮನಿರುವವಳಲ್ಲ. ವಾರ್ಡಿನ ಗಾಜಿನ ಬಾಗಿಲ ಹೊರಗೆ ಚಾಪೆ ಹಾಸಿ ಬೀಡುಬಿಟ್ಟಿದ್ದಳು. ದ್ರಾಕ್ಷಾಯಣಿ ಹೊರಗೆ ಬಂದದ್ದೇ ಸೆರಗು ಹಿಡಿದಳು.

“ಸಿಸ್ಟರ್ ಬಾಯಿ, ಆ ಹೊಸಾ ಅರಿವಿ ನನ್ನ ಮೊಮ್ಮಗಳ ಮೈಗೆ ಹಚ್ಚಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಯಾಕಬೇ, ಅದರಾಗೇನ್ ಮುಳ್ಳ ಅದಾವೇನು?”

“ಮುಳ್ಳ ಇದ್ರ ಕಿತ್ತ ಒಗೀಬೌದಿತ್ತು. ಎರಡ ಕೂಸು ಹೊಸಾದ ಹಾಕ್ಕೊಂಡ ಹೋದ್ವು. ಬದುಕಿದ ಕೂಸಿನ ಕುಂಚಿಗಿ ಒಂದ ಕೊಡ್ರಿ. ಹಾಕ್ಕೊಂಡು, ಉಚ್ಚಿ ಹೊಯ್ದು, ನಕ್ಕೋತ ಮನಿಗೆ ಹೋಗಿರಬೇಕು ನೋಡ್ರಿ, ಅಂಥಾ ಕೂಸಿಂದು.”

“ಒಂದ ಕೂಸಿಗೆ ಒಂದ ಕುಂಚಿಗಿ. ಇಲ್ಲಿ ರೂಲ್ ಐತಿ.”

“ಆ ರೂಲ್ ಮಾಡಿದಾಂವ ಎಷ್ಟ ಹಡದಾನ್ರಿ?”

ದ್ರಾಕ್ಷಾಯಣಿಗೆ ನಗು ತಡೆಯಲಾಗಲಿಲ್ಲ. ಅದನ್ನು ಕಂಡು ಮುದುಕಿಗೆ ಧೈರ್ಯ ಬಂತು.

“ಮತ್ತ ಹೆಸರ ಬರ್ಕೋರಿ. ತಿಪ್ಪವ್ವ.”

“ಹೆಸರಿಡೂದು ಹದಿಮೂರ ದಿನಕ್ಕಲ್ಲೇನು?”

“ಇದು ಖರೇ ಹೆಸರಲ್ಲ ತಗೀರಿ. ಯಮ ಬಂದು ಯಾವ ಕೂಸು ಅಂತ ಕೇಳಿದ್ರ, ತಿಪ್ಪಿ ಮ್ಯಾಲಿಂದು, ನಿನಗ್ಯಾಕಪಾ ಅನ್ನಾಕ ಬೇಕಲ್ಲ?”

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ ದ್ರಾಕ್ಷಾಯಣಿ ಈ ಮಾತನ್ನೆಲ್ಲ ಅತ್ತೆಗೆ ಹೇಳಿದಳು. ಅತ್ತೆ ಗೌರವ್ವನಿಗೆ ಎಂಬತ್ತೆರಡು. ಕಣ್ಣು ಮಂದವಾಗಿದ್ದರೂ ಒಲೆಯ ಮುಂದೆ ಕೂತು ರೊಟ್ಟಿ ತಿರುವಿ ಹಾಕುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತಿಪ್ಪವ್ವನ ಹೆಸರಿಗೆ ನಕ್ಕಳು. ಕುಂಚಿಗೆಯ ಮಾತು ಬಂದಾಗ ನಗು ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

“ಅರಿವಿ ಮಾತ ಬ್ಯಾಡ ತಗಿ ದಾಕ್ಷಾ,” ಎಂದಳು.

ಅಷ್ಟೇ. ಆದರೆ ಆ ಅಷ್ಟೇ ಎಂಬುದನ್ನು ದ್ರಾಕ್ಷಾಯಣಿ ಇಪ್ಪತ್ತೆಂಟು ವರ್ಷದಿಂದ ಕೇಳುತ್ತ ಬಂದಿದ್ದಳು.

ಅವಳ ಚೊಚ್ಚಲು ಕೂಸೂ ಏಳು ತಿಂಗಳಿಗೇ ಹುಟ್ಟಿತ್ತು. ಗಂಡು. ಆಗ ಇಂಥ ವಾರ್ಡುಗಳಿರಲಿಲ್ಲ. ಹತ್ತಿಯಲ್ಲಿ ಸುತ್ತಿ, ಬಲ್ಬು ಹಚ್ಚಿದ ಪೆಟ್ಟಿಗೆಯಲ್ಲಿಟ್ಟು, ಬತ್ತಿಯಿಂದ ಹಾಲು ಹನಿಸುತ್ತಿದ್ದರು. ತವರಿನಿಂದ ಅವಳ ತಾಯಿ ಅಂಚಿಗೆ ಜರಿ ಹಚ್ಚಿದ ಕೆಂಪು ಕುಂಚಿಗೆ ಹೊಲಿದು ತಂದಿದ್ದಳು. ಗೌರವ್ವ ನೆರೆಮನೆಯ ಶಿವಕ್ಕನ ಮಗ ಹಾಕಿಕೊಂಡು ಬಿಟ್ಟ ಹಳೆಯ ಕುಂಚಿಗೆಯನ್ನು ಬೇಡಿ ತಂದು, ಮೊದಲು ಇದನ್ನು ಹಾಕು ಎಂದಳು. ದ್ರಾಕ್ಷಾಯಣಿಗೆ ಇಪ್ಪತ್ಮೂರು ವರ್ಷ, ನರ್ಸಿಂಗ್ ಮುಗಿಸಿ ಎರಡು ವರ್ಷ. “ನಾನು ಓದಿದಾಕಿ ಅತ್ತಿ. ಮಂದಿ ಹಳೀ ಅರಿವ್ಯಾಗಿನ ಕ್ರಿಮಿ ನನ್ನ ಕೂಸಿಗೆ ಬ್ಯಾಡ,” ಎಂದು ಹೊಸದನ್ನೇ ಹಾಕಿದಳು. ಆರನೆಯ ದಿನ ಕೂಸು ಹೋಯಿತು.

ಅತ್ತೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎದುರಾಡಿ, ಜಗಳ ಕಾದು, ಹಗುರಾಗಬಹುದಿತ್ತು. ಆಮೇಲೆ ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾದಳು. ಬಟ್ಟೆಗೂ ಸಾವಿಗೂ ಸಂಬಂಧವಿಲ್ಲ ಎಂದು ನೂರಾರು ತಾಯಂದಿರಿಗೆ ದ್ರಾಕ್ಷಾಯಣಿ ತಿಳಿಹೇಳಿದಳು. ಹೇಳುವಾಗಲೆಲ್ಲ ಒಳಗೆ ಯಾರೋ ತಲೆ ಎತ್ತದೆ ರೊಟ್ಟಿ ತಿರುವಿ ಹಾಕುತ್ತಿದ್ದರು.

ಆ ದಿನ ಡ್ಯೂಟಿಗೆ ಹೋದವಳು ಉಗ್ರಾಣದ ಬೀರು ತೆಗೆದಳು. ಮನೆಗೆ ಹೋದ ಕೂಸುಗಳ ಕುಂಚಿಗೆಗಳು ಒಗೆದು, ಕುದಿಸಿ, ಹೆಸರು ಬರೆದ ಚೀಲಗಳಲ್ಲಿ ಪ್ರಯೋಗಾಲಯಕ್ಕೆ ಮರಳಲು ಕಾಯುತ್ತಿದ್ದವು. ಮೇಲಿದ್ದದ್ದೇ ಮಾಬೂಬಿಯ ಮಗನದು. ತರಬೇತಿ ಪುಸ್ತಕದಲ್ಲಿ ‘ಒಂದು ಕೂಸಿಗೆ ಒಂದೇ ಕುಂಚಿಗೆ’ ಎಂದಿತ್ತೇ ಹೊರತು ಯಾಕೆ ಎಂದಿರಲಿಲ್ಲ. ಯಾಕೆಂದು ಅವಳೇ ಊಹಿಸಿಕೊಂಡಳು. ಸೋಂಕಿನ ಭಯ, ಅದಕ್ಕೆ ಕುದಿಸಿಯಾಗಿದೆ. ನೆನಪು ಬೆರೆಯುವ ಭಯ, ನೆನಪಿರುವುದು ಗುಂಡಿಯಲ್ಲಿ. ಕೂಸಿಗೆಂದು ತೆಗೆದಿಟ್ಟ ಹೊಸ ಕುಂಚಿಗೆಯ ಗುಂಡಿ ಬಿಚ್ಚಿ ಹಳೆಯದಕ್ಕೆ ಹಚ್ಚಿದರಾಯಿತು. ಮುದುಕಿಗೆ ಸಮಾಧಾನ, ಕಸ್ತೂರಿಗೆ ಧೈರ್ಯ, ಕೂಸಿಗೇನೂ ನಷ್ಟವಿಲ್ಲ. ಹೀಗೆಲ್ಲ ಲೆಕ್ಕ ಹಾಕುತ್ತಿದ್ದ ದ್ರಾಕ್ಷಾಯಣಿಯ ಕೈ ಮಾತ್ರ ಲೆಕ್ಕ ಮುಗಿಯುವ ಮುಂಚೆಯೇ ಚೀಲ ಬಿಚ್ಚಿತ್ತು.

ಕುಂಚಿಗೆಯನ್ನು ಹಾಕುವಾಗ ಗಾಜಿನಾಚೆ ಫಕೀರವ್ವ ಎರಡೂ ಕೈ ಎತ್ತಿ ಮುಗಿದಳು.

ಮರುದಿನ, ಅಂದರೆ ಮೂರನೆಯ ದಿನ ಬೆಳಿಗ್ಗೆಯೇ ಮಂಜು ಸರಿದು ನಾಳೆಯ ಗೆರೆ ಮೂಡಿತು. ಮೂಡಬೇಕಾದದ್ದಕ್ಕಿಂತ ಎರಡು ದಿನ ಮುಂಚೆ. ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ದ್ರಾಕ್ಷಾಯಣಿ ಗಮನಿಸಿದಳು, ಗಮನಿಸಿ ಸಂತೋಷಪಟ್ಟಳು. ಅನುಮಾನಪಡಬೇಕಾದ ಜಾಗದಲ್ಲಿ ಶುಭಶಕುನ ಕಂಡಳು. ಗೆರೆ ತುಂಬ ಚಂದ ಇತ್ತು. ಏರಿಳಿಯುತ್ತ, ತೊನೆಯುತ್ತ ಮುಂದೆ ಹೋಗಿತ್ತು.

“ನೋಡು ತಂಗಿ, ನಾಳೆ ನಸುಕಿನಮಟ ಏನೂ ಭಯ ಇಲ್ಲ,” ಎಂದಳು.

ಕಸ್ತೂರಿ ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ಸೆರಗಿನಿಂದ ಒಂದು ಕೈ ತೆಗೆದು, ಒಂದೇ ಬೆರಳಿನಿಂದ, ಕೂಸಿನ ಅಂಗಾಲನ್ನು ಮುಟ್ಟಿದಳು. ಕೂಸು ಕಾಲು ಎಳೆದುಕೊಂಡಿತು. “ಅಯ್ಯ, ಸಿಟ್ಟ ನೋಡ್ರಿ ಇಕಿದು!” ಎಂದು ನಕ್ಕಳು. ಅವಳು ನಕ್ಕದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ. ಸಂಜೆಯ ಹೊತ್ತಿಗೆ ಕೂಸು ಅವಳ ಎದೆಯ ಮೇಲಿತ್ತು.

ಆರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ, ನಳಿಕೆಯಿಂದ ಹಾಲು ಕೊಡುವ ಮುಂಚೆ ದ್ರಾಕ್ಷಾಯಣಿ ಹಿಂದಿನ ಹಾಲು ಎಷ್ಟು ಉಳಿದಿದೆಯೆಂದು ನೋಡಿದಳು. ಮುಕ್ಕಾಲು ಪಾಲು ಹಾಗೇ ಇತ್ತು. ಹೊಟ್ಟೆ ತುಸು ಬಿಗಿದು ಹೊಳೆಯುತ್ತಿದೆಯೋ, ಕಿಟಕಿಯ ಬೆಳಕೋ ತಿಳಿಯಲಿಲ್ಲ. ಪಕ್ಕದ ಹಳೆಯ ಯಂತ್ರದಲ್ಲಿ ಎದೆಬಡಿತ ನಿಮಿಷಕ್ಕೆ ನೂರಾ ಐವತ್ತೆರಡು, ಆಮ್ಲಜನಕ ತೊಂಬತ್ನಾಲ್ಕು; ಅಂಕಿಗಳಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ನಾಳೆಯ ಗೆರೆಯಂತೂ ನಗುತ್ತಿತ್ತು.

ಅಂಗಾಲಿಗೆ ಬೆರಳು ತಾಗಿಸಿದಳು. ಕೂಸಿಗೆ ಸಿಟ್ಟು ಬರಲಿಲ್ಲ.

ದ್ರಾಕ್ಷಾಯಣಿ ಮತ್ತೆ ಪರದೆಯತ್ತ ತಿರುಗಿದಳು. ಈ ಸಲ ಗೆರೆಯ ಚಂದ ನೋಡಲಿಲ್ಲ, ನಡೆ ನೋಡಿದಳು. ಏಳು, ಎಂಟು, ಒಂಬತ್ತು, ಜಿಗಿತ. ಮತ್ತೆ ಎಂಟು, ಒಂಬತ್ತು, ಹತ್ತು, ಜಿಗಿತ. ಕುಂಟಾಬಿಲ್ಲೆ. ಈ ನಡೆಯನ್ನು ಅವಳು ಐವತ್ತೆರಡು ದಿನ ನೋಡಿದ್ದಳು. ಪರದೆಯ ಮೇಲಿದ್ದದ್ದು ಮಾಬೂಬಿಯ ಮಗನ ನಾಳೆ. ಅವನು ಈಗ ಯಾವುದೋ ಊರಿನ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿರಬೇಕು. ಇಲ್ಲಿ ಮಲಗಿದವಳ ನಾಳೆ ಯಾರಿಗೂ ಗೊತ್ತಿರಲಿಲ್ಲ.

ಸ್ಟೆತಾಸ್ಕೋಪಿನ ಪುಟ್ಟ ಬಟ್ಟಲನ್ನು ಕೂಸಿನ ಎದೆಗಿಟ್ಟಳು. ಟಕ್ ಟಕ್ ಟಕ್ ಟಕ್. ಒಂದು ಹೆಜ್ಜೆ ಹಿಂದಿಲ್ಲ, ಒಂದು ಮುಂದಿಲ್ಲ. ಅಷ್ಟು ಸಮನಾದ ಎದೆಬಡಿತವನ್ನು ಅವಳು ಹಿಂದೆ ಕೇಳಿದ್ದು ಒಂದೇ ಸಲ, ಬಲ್ಬು ಹಚ್ಚಿದ ಪೆಟ್ಟಿಗೆಗೆ ಕಿವಿಯಿಟ್ಟು. ಐದನೆಯ ದಿನ ಅದನ್ನು ಕೇಳಿ, ಎಷ್ಟು ನೆಟ್ಟಗೆ ಬಡಿಯುತ್ತಿದೆ ನೋಡು ಎಂದು ಗಂಡನಿಗೆ ಹೇಳಿ ಹಿಗ್ಗಿದ್ದಳು.

“ಮೇಡಂ!” ಎಂದು ಕೂಗಿದ ದನಿ ಅವಳದೇ ಎಂದು ಅವಳಿಗೇ ತಿಳಿಯಲಿಲ್ಲ.

ಡಾಕ್ಟರ್ ಮೆಹರ್ ಓಡಿ ಬಂದರು. ಗೆರೆ ನೋಡಿ ಗೊಂದಲಗೊಂಡರು. “ಚೊಲೋ ಐತಲ್ಲ ಸಿಸ್ಟರ್?”

“ಅದು ಈ ಕೂಸಿನ ಗೆರೀ ಅಲ್ರಿ. ನಾ ಹಳೀ ಕುಂಚಿಗಿ ಹಾಕೀನಿ. ಪೈಲ್ವಾನಂದು. ಗುಂಡಿ ಬದಲ ಮಾಡಿದ್ರ ಸಾಕು ಅನ್ಕೊಂಡಿದ್ದೆ. ಇಕಿ ಎದಿ ಕೇಳ್ರಿ ಮೇಡಂ, ಮೊದಲ ಎದಿ ಕೇಳ್ರಿ.”

ಡಾಕ್ಟರ್ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಕೂಸಿನ ಎದೆಗೆ ಕಿವಿಗೊಟ್ಟರು. ಬಯ್ಯಲಿಲ್ಲ. ಹಾಲು ನಿಲ್ಲಿಸಿ, ರಕ್ತ ತೆಗೀರಿ, ಹೊಟ್ಟೆಯ ಎಕ್ಸ್‌ರೇ, ಸೂಜಿ ಎಂದು ಒಂದರ ಹಿಂದೊಂದು ಹೇಳುತ್ತ ಹೋದರು. ಕರುಳಿಗೆ ಬಾವು ಬರುತ್ತಿತ್ತು. ಇನ್ನೂ ಮೊದಲ ಹಂತ. ಅರ್ಧ ತಾಸಿನಲ್ಲಿ ಔಷಧಿ ಕೂಸಿನ ರಕ್ತ ಸೇರಿತು. ಅಷ್ಟಾದ ಮೇಲೆ ಡಾಕ್ಟರ್ ಕುಂಚಿಗೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು, “ಬರ್ರಿ,” ಎಂದರು.

ಕಂಪ್ಯೂಟರ್ ಕೋಣೆಯಲ್ಲಿ ಜಯತೀರ್ಥ ಒಬ್ಬನೇ ಇದ್ದ. ಕುಂಚಿಗೆಗಳ ಉಸ್ತುವಾರಿ ಅವನದು. ವಿಷಯ ಕೇಳಿ ಹಣೆ ಬಡಿದುಕೊಂಡ.

“ನೆನಪು ಬರೇ ಗುಂಡಿಯೊಳಗಿಲ್ರೀ ಸಿಸ್ಟರ್, ನೂಲೂ ಕಲೀತದ. ಹೊಸಾ ಚಪ್ಪಲಿ ಕಾಲಿಗೆ ಒಗ್ಗತದಲ್ಲ, ಹಂಗ. ಒಗ್ಗಿದ ಮ್ಯಾಲ ತನ್ನ ಮಾಲಕನ ನಡೀನ ಗಟ್ಟಿಯಾಗಿ ಹೇಳತದ, ಉಳಿದದ್ದನ್ನ ಗದ್ದಲ ಅಂತ ಬಿಡತದ. ಮತ್ತೊಬ್ಬರ ಚಪ್ಪಲಿ ಹಾಕ್ಕೊಂಡ್ರ ಅವರ ಹೆಜ್ಜೀನ ಮೂಡೂದು.”

“ಪುಸ್ತಕದಾಗ ಯಾಕ ಬರದಿಲ್ಲ?” ಎಂದರು ಡಾಕ್ಟರ್.

“ಒಂದು ಕೂಸಿಗೆ ಒಂದೇ ಅಂದ ಮ್ಯಾಲ ಯಾಕ ಹೇಳಬೇಕು ಅನ್ಕೊಂಡಿರಬೇಕ್ರಿ. ಹಿಂಗ ಬದುಕಿದ ಕೂಸಿಂದು ಬೇಡ್ತಾರ ಅಂತ ಪಾಪ ಅವರಿಗೇನು ಗೊತ್ತು?”

ಹಾಗೆನ್ನುತ್ತಲೇ ಅವನು ನಾಲ್ಕು ದಿನದ ಹಸಿ ದಾಖಲೆಯನ್ನು ತೆರೆದು, ಒಂದರೊಳಗೊಂದು ಸೇರಿಹೋದ ಎಳೆಗಳನ್ನು ಬಿಡಿಸತೊಡಗಿದ. ಮೊದಲು ಪೈಲ್ವಾನನ ಎಳೆ ಬೇರೆಯಾಯಿತು, ಜಿಗಿತದ ಸಮೇತ. ಅದರ ಕೆಳಗೆ ಇನ್ನೊಂದು ಬಂತು. ನಿಧಾನದ, ಅಗಲವಾದ, ದೊಡ್ಡ ಅಲೆ.

“ಇದ್ಯಾರದು?” ದ್ರಾಕ್ಷಾಯಣಿ ಕೇಳಿದಳು.

ಜಯತೀರ್ಥ ಎಣಿಸಿದ. “ನಿಮಿಷಕ್ಕ ಎಪ್ಪತ್ತೆರಡು. ಕೂಸಿಂದಲ್ಲ. ದೊಡ್ಡವರ ಎದಿ.”

ಮೂವರಿಗೂ ಒಮ್ಮೆಗೇ ಹೊಳೆಯಿತು. ಮಾಬೂಬಿ. ದಿನಕ್ಕೆ ಹತ್ತು ತಾಸು, ಐವತ್ತೆರಡು ದಿನ ಮಗನನ್ನು ಎದೆಗೊತ್ತಿಕೊಂಡು ಕೂತಿದ್ದವಳು. ನೂಲು ಅವಳನ್ನೂ ಕಲಿತಿತ್ತು. ಕುದಿಸಿದರೂ ಹೋಗಿರಲಿಲ್ಲ. ಅಂಗೈ ಅಗಲದ ಆ ಬಟ್ಟೆಯಲ್ಲಿ ತಾಯಿ ಮಗ ಇಬ್ಬರೂ ಇನ್ನೂ ಕೂತಿದ್ದರು. ದ್ರಾಕ್ಷಾಯಣಿ ತಾನು ಮಾಡಿದ್ದನ್ನೂ ಮರೆತು ಆ ಅಲೆಯನ್ನು ನೋಡಿದಳು. ಬದುಕಿದ ಕೂಸಿನ ಬಟ್ಟೆಯಲ್ಲಿ ಏನೋ ಇರುತ್ತದೆ ಎಂದ ಮುದುಕಿಯರ ಮಾತು ನಿಜವೇ ಆಗಿತ್ತು. ಇದ್ದದ್ದು ಮಾತ್ರ ಕಾಯುವಂಥದಲ್ಲ.

ಕೊನೆಗೆ ಉಳಿದದ್ದು ತಿಪ್ಪವ್ವನ ಎಳೆ. ಸಣ್ಣದು. ಮೊದಲ ಮೂರು ದಿನ ಮುದ್ದಾಗಿ ತಡವರಿಸಿತ್ತು. ನಿನ್ನೆ ಸಂಜೆಯಿಂದ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಸಪಾಟು.

“ನಿನ್ನೆ ಸಂಜೀಗೆ ಗೊತ್ತಾಗ್ತಿತ್ತು,” ಎಂದರು ಡಾಕ್ಟರ್ ಮೆಹರ್.

“ಹೌದ್ರಿ,” ಎಂದಳು ದ್ರಾಕ್ಷಾಯಣಿ.

“ಎಲ್ಲಾ ಬರದು ಕೊಡ್ರಿ. ಬೀರುವಿನ ಕೀಲಿ ನನ್ನ ಕಡೆ ಇರ್ಲಿ.” ಕೀಲಿಗೆ ಕೈ ಚಾಚುತ್ತ, “ಕೂಸಿನ ಕಡೆ ನೀವ ಇರ್ರಿ. ಹೊಸಾ ಕುಂಚಿಗಿ ಕಲ್ಯೂತನಕ ಮೂರು ದಿನ ನಮಗ ಕಿವೀನ ಗತಿ,” ಎಂದರು.

ಕಸ್ತೂರಿಗೆ ಹೇಳುವುದು ಉಳಿದಿತ್ತು. ದ್ರಾಕ್ಷಾಯಣಿ ತಾಯಿ ಮಗಳಿಬ್ಬರನ್ನೂ ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ, ಒಂದನ್ನೂ ಮುಚ್ಚಿಡದೆ ಹೇಳಿದಳು. ಫಕೀರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. “ನಾನ ಬೇಡಿದ್ದು ಯವ್ವಾ. ತಪ್ಪು ನಂದು.”

“ನೀ ಬೇಡೂದ ಬೇಡ್ತಿ,” ಎಂದಳು ಕಸ್ತೂರಿ. ದನಿ ಏರಿಸಲಿಲ್ಲ. “ನೀ ಓದಿಲ್ಲ, ಬರದಿಲ್ಲ. ಅಕ್ಕಾರ, ನೀವ್ಯಾಕ ಕೊಟ್ರಿ? ನೀವು ಓದಿದವ್ರು.”

ಇಪ್ಪತ್ತೆಂಟು ವರ್ಷದ ಹಿಂದೆ ತಾನೇ ಎದೆಯುಬ್ಬಿಸಿ ಆಡಿದ ಮಾತು ತಿರುಗಿ ಬಂದು ಅವಳೆದುರು ನಿಂತಿತು. “ನಂದೂ ಒಂದು ಹೋಗಿತ್ತು ಕಸ್ತೂರಿ,” ಎನ್ನಲು ಬಾಯಿ ತೆರೆದಳು. ಅದು ಕ್ಷಮೆ ಕೇಳುವ ಮಾತಲ್ಲ, ಕ್ಷಮೆ ಕಸಿಯುವ ಮಾತು ಎನ್ನಿಸಿ ಮುಚ್ಚಿದಳು. “ತಪ್ಪ ಮಾಡ್ದೆ,” ಎಂದಷ್ಟೇ ಹೇಳಿದಳು.

ಕಸ್ತೂರಿ ಎದ್ದಳು. ತೊಟ್ಟಿಲ ಬಳಿ ಹೋಗಿ, ಇನ್ನೊಬ್ಬ ನರ್ಸ್ ತಂದ ಮುದ್ರೆ ಒಡೆಯದ ಚೀಲವನ್ನು ಕೈಗೆ ತೆಗೆದುಕೊಂಡು, ತಾನೇ ಹರಿದಳು. ಗಾಜಿನಾಚೆ ತಾಯಿ ಕೈಯಾಡಿಸಿ ಬೇಡ ಬೇಡ ಎನ್ನುತ್ತಿದ್ದರೂ ತಿರುಗಿ ನೋಡಲಿಲ್ಲ. “ಇಕಿದು ಇಕೀಗೇ ಇರ್ಲಿ,” ಎನ್ನುತ್ತ ಹೊಸ ಕುಂಚಿಗೆಯನ್ನು ಮಗಳ ತಲೆಗೆ ಏರಿಸಿದಳು. ಪರದೆಯ ತುಂಬ ಮಂಜು ಕವಿಯಿತು.

ಆ ಮಂಜಿನ ಕೆಳಗೆ ಎರಡು ದಿನ ಕಳೆದವು. ತಾಸಿಗೊಮ್ಮೆ ದ್ರಾಕ್ಷಾಯಣಿ ಎದೆಗೆ ಕಿವಿಗೊಡುವಳು. ಟಕ್ ಟಕ್ ಟಕ್. ಹೊಟ್ಟೆ ಇನ್ನಷ್ಟು ಬಿಗಿಯಲಿಲ್ಲ, ಸಡಿಲವೂ ಆಗಲಿಲ್ಲ. ಎರಡು ವರ್ಷದಿಂದ ಇಪ್ಪತ್ತು ತಾಸು ಮುಂದೆ ನೋಡಿ ರೂಢಿಯಾಗಿದ್ದ ಕಣ್ಣಿಗೆ, ಮುಂದಿನ ನಿಮಿಷವೂ ಕಾಣದಿರುವುದು ಎಂಥದೆಂದು ಮರೆತುಹೋಗಿತ್ತು. ಹಿಂದೆಲ್ಲ ಹೀಗೇ ಅಲ್ಲವೇ ಹೆಂಗಸರು ಕೂಸು ಕಾಯುತ್ತಿದ್ದದ್ದು ಎಂದು ಅವಳಿಗೆ ಬೆರಗಾಯಿತು. ಬರೀ ಉಸಿರು ನೋಡುತ್ತ, ಒಂದಾದ ಮೇಲೆ ಒಂದು.

ಎರಡನೆಯ ದಿನದ ಸಂಜೆ, ಕೂಸನ್ನು ರಾತ್ರಿಯ ನರ್ಸಿಗೆ ಒಪ್ಪಿಸಿ, ಮನೆಯಲ್ಲಿ ಕೈಕಾಲು ತೊಳೆದು ಬಂದು ಅತ್ತೆಯ ಮುಂದೆ ಕೂತಳು. ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, “ಅವತ್ತು ನೀವು ಹೇಳಿದ್ದು ಕೇಳ್ಬೇಕಿತ್ತೇನೋ ಅಂತ ಮನಸಿನ್ಯಾಗಿತ್ತು ಅತ್ತಿ. ಅದಕ್ಕ ಕೊಟ್ಟೆ,” ಎಂದಳು.

ಗೌರವ್ವನ ಮಂದವಾದ ಕಣ್ಣುಗಳು ಎತ್ತಲೋ ನೋಡುತ್ತಿದ್ದವು.

“ಹಾಕಿದ್ದೆ ನಾನು,” ಎಂದಳು.

“ಏನ್ ಹಾಕಿದ್ರಿ?”

“ಶಿವಕ್ಕನ ಮಗನ ಕುಂಚಿಗಿ. ಎರಡನೇ ದಿನ. ನೀ ಮಲಗಿದ್ದಿ. ನಿನ್ನ ಕೆಂಪ ಕುಂಚಿಗಿ ಒಳಗ ಹಚ್ಚಿ, ಮ್ಯಾಲ ಕಾಣಧಂಗ ಹೊಲಿದಿದ್ದೆ. ಆದ್ರೂ ಹೋತು.” ಮುದುಕಿಯ ಬೆರಳು ಸೀರೆಯ ಅಂಚನ್ನು ತೀಡುತ್ತಿತ್ತು. “ನೀ ಹೇಳಿದ್ದಿಯಲ್ಲ, ಹಳೀ ಅರಿವ್ಯಾಗ ಕ್ರಿಮಿ ಇರ್ತಾವ ಅಂತ. ನಾನ ಕೊಂದೆ ಅನ್ಕೊಂಡೆ. ನಿನಗ ಏನಂತ ಹೇಳ್ಲಿ?”

ಹೊಸದು ಹಾಕಿ ಕೊಂದೆ ಎಂದು ಸೊಸೆ. ಹಳೆಯದು ಹಾಕಿ ಕೊಂದೆ ಎಂದು ಅತ್ತೆ. ಒಂದೇ ಒಲೆಯ ಎರಡು ಬದಿಗೆ ಕೂತು ಇಪ್ಪತ್ತೆಂಟು ವರ್ಷ ರೊಟ್ಟಿ ಬೇಯಿಸಿದ್ದರು.

“ಅರಿವಿ ಅಲ್ರಿ ಅತ್ತಿ,” ಎಂದಳು ಕೊನೆಗೆ. “ಎಳೇ ಕೂಸು. ಎದಿ ಒಂದ ಸಮ ಬಡೀತಿತ್ತು. ನಂಜು ಆಗಿತ್ತು ಅದಕ್ಕ. ಆಗ ಯಾರಿಗೂ ಗೊತ್ತಾಗ್ತಿರಲಿಲ್ಲ.”

“ಹೌದೇನು?” ಎಂದಳು ಗೌರವ್ವ, ಸಣ್ಣ ಹುಡುಗಿಯ ಹಾಗೆ. ಮತ್ತೆ ಕೇಳಿದಳು, “ಖರೇ ಹೌದೇನು?”

ದ್ರಾಕ್ಷಾಯಣಿ ಅವಳ ಕೈ ಹಿಡಿದುಕೊಂಡಳು. ಮಣಿಕಟ್ಟಿನ ಸುಕ್ಕು ಚರ್ಮದ ಕೆಳಗೆ ನಾಡಿ ನಡೆಯುತ್ತಿತ್ತು, ಅಲ್ಲಲ್ಲಿ ನಿಂತು ದಾರಿ ಕೇಳುವ ಮುದುಕಿಯ ಹಾಗೆ.

ಮರುದಿನ ಹೊತ್ತೇರಿದ ಮೇಲೆ, ಕೂಸಿನ ಕಾವಲಿಗೆ ಇನ್ನೂ ಎರಡು ಕಿವಿ ಇರಲೆಂದು ದ್ರಾಕ್ಷಾಯಣಿ ಕಸ್ತೂರಿಗೆ ಸ್ಟೆತಾಸ್ಕೋಪು ಹಿಡಿಯಲು ಕಲಿಸಿದಳು. ಕಸ್ತೂರಿ ಅವಳೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು, ಆದರೆ ಕಲಿಸಿದ್ದನ್ನು ಒಂದೇ ಸಲಕ್ಕೆ ಕಲಿತಳು. ಕೂಸನ್ನು ಎದೆಗೊತ್ತಿಕೊಂಡು, ಕಣ್ಣು ಮುಚ್ಚಿ, ತುಟಿಯಲ್ಲೇ ಎಣಿಸುತ್ತ ಕೂತಳು. ದ್ರಾಕ್ಷಾಯಣಿ ಪಕ್ಕದ ತೊಟ್ಟಿಲಿಗೆ ಹೋದಳು.

“ಅಕ್ಕಾರ!”

ಕಸ್ತೂರಿಯ ಮುಖ ಬಿಳಿಚಿತ್ತು. “ಅಕ್ಕಾರ, ಎಡವಿತ್ರಿ! ಚೊಲೋ ನಡದಿತ್ತು, ಈಗ ಎಡವಿತು. ಅಯ್ಯೋ, ಮತ್ತ!”

ದ್ರಾಕ್ಷಾಯಣಿ ಓಡಿ ಬಂದು ನಳಿಕೆಗಳನ್ನು ತನ್ನ ಕಿವಿಗೆ ಹಾಕಿಕೊಂಡಳು. ಟಕ್ ಟಕ್ ಟಕ್. ಟಕ್. ಟಕ್‌ಟಕ್. ಒಂದು ಚೂರು ತಡ, ಒಂದು ಚೂರು ಅವಸರ. ಪೈಲ್ವಾನನ ಜಿಗಿತ ಇದಲ್ಲ. ಇದು ಬೇರೆ ಯಾರದೋ ಕಾಲು, ಹೊಸ ಕಾಲು, ನೆಲ ಎಲ್ಲಿದೆಯೆಂದು ಹುಡುಕುತ್ತಿರುವ ಕಾಲು. ಅವಳ ಕಣ್ಣಿಂದ ನೀರು ಇಳಿದು ಗಲ್ಲದ ಮೇಲೆ ನಿಂತಿತು.

“ಏನಾತ್ರಿ? ಹೇಳ್ರಿ ಅಕ್ಕಾರ!”

“ಎಡವ್ಲಿ ತಂಗಿ. ಎಡವ್ಲಿ ಬಿಡು. ಇದನ್ನ ನಾವು ಕಾಯ್ಕೋತ ಕುಂತಿದ್ದು.”

ಕಸ್ತೂರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಳಿಕೆಗಳನ್ನು ಕಿತ್ತುಕೊಳ್ಳುವಂತೆ ಹಿಂದಕ್ಕೆ ತೆಗೆದುಕೊಂಡು, ಮಗಳ ತಪ್ಪು ಹೆಜ್ಜೆಗಳನ್ನು ಕೇಳುತ್ತ ಕೂತಳು. ಪ್ರತಿ ತಪ್ಪಿಗೂ ಅವಳ ತುಟಿ ಕೊಂಕುತ್ತಿತ್ತು.

ಮೂರು ಗಂಟೆಯ ಸುಮಾರಿಗೆ ಪರದೆಯ ಮಂಜು ಎಡಗಡೆಯಿಂದ ತುಸು ತೆಳುವಾಯಿತು. ಇವತ್ತಿನ ಗೆರೆ ಮುಗಿದಲ್ಲಿಂದ ಇನ್ನೊಂದು ಗೆರೆ ಹೊರಟು, ಒಂದು ಬೆರಳಿನ ಅಗಲ ಹೋಗಿ ನಿಂತಿತು. ಆ ಬೆರಳಗಲದಲ್ಲೇ ಎರಡು ಸಲ ಎಡವಿತ್ತು.

“ಇಷ್ಟ ಏನ್ರಿ?” ಕಸ್ತೂರಿ ಕೇಳಿದಳು.

“ಇಷ್ಟ. ಅರ್ಧ ತಾಸು. ಅದರಾಚಿಗಿಂದು ಇನ್ನೂ ಕಲ್ತಿಲ್ಲ.”

ಗಾಜಿನಾಚೆ ಫಕೀರವ್ವ ಎದ್ದು ನಿಂತು, ಮೂಗನ್ನು ಗಾಜಿಗೆ ಒತ್ತಿ, ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದಳು. ಕಸ್ತೂರಿ ಒಂದು ಕೈಯಿಂದ ಮಗಳನ್ನು ಅವಚಿ ಹಿಡಿದು, ಇನ್ನೊಂದು ಕೈ ಎತ್ತಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಆ ಅಗಲವನ್ನು ತಾಯಿಗೆ ತೋರಿಸಿದಳು. ಮುದುಕಿ ನೋಡಿದಳು. ಪರದೆಯ ಕಡೆಗೆ ಎರಡೂ ಕೈ ಚಾಚಿ, ಆ ಪುಟ್ಟ ಗೆರೆಯ ದೃಷ್ಟಿ ತೆಗೆದು, ಬೆರಳುಗಳನ್ನು ತನ್ನ ಹಣೆಯ ಎರಡೂ ಬದಿಗೆ ಒತ್ತಿ ನೆಟಿಗೆ ಮುರಿದಳು.